ಅದು ಮೊದಲು ಗಡಿಯಾರ, ಆಮೇಲೆ ಉಪಗ್ರಹ

ಕೇಳುಗರೆಲ್ಲರಿಗೂ ನಮಸ್ಕಾರ. ದಾರಿ ತೋರಿಸುವ ಉಪಗ್ರಹ ಎಂದ ಕೂಡಲೇ ಅದು ಮೇಲಿನಿಂದ ನಮ್ಮನ್ನು ನೋಡುತ್ತಿದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ದಯವಿಟ್ಟು ಆ ಮಾತು ಬಿಡಿ. ಅದು ಯಾರನ್ನೂ ನೋಡುವುದಿಲ್ಲ, ಸಮಯ ಹೇಳುತ್ತದೆ. ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಬಿಡದೆ ಸಾರುವ ಗಡಿಯಾರ ಅದು. ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿಸಿತು ಎಂದು ಎಣಿಸಿ, ಸಿಡಿಲು ಎಷ್ಟು ದೂರ ಬಿತ್ತು ಅನ್ನುತ್ತೇವಲ್ಲ? ನಿಮ್ಮ ಮೊಬೈಲು ನಾಲ್ಕು ಉಪಗ್ರಹಗಳನ್ನು ಕೇಳಿಸಿಕೊಂಡು ಅಂಥದ್ದೇ ಲೆಕ್ಕ ಹಾಕುತ್ತದೆ. ಉಪಗ್ರಹದ ಸಂಕೇತ ಬರುವುದು ಬೆಳಕಿನ ವೇಗದಲ್ಲಿ; ಹಾಗಾಗಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು, ಅಂದರೆ ಒಂದು ಮೈಕ್ರೊಸೆಕೆಂಡು, ತಪ್ಪಿದರೂ 300 ಮೀಟರ್ ತಪ್ಪಿದಂತೆ.

ಒಂದು ಪ್ರಸಂಗ ಹೇಳಲೇಬೇಕು. 1977ರ ಜೂನ್ 23ರಂದು ಅಮೆರಿಕದಲ್ಲಿ ಎನ್‌ಟಿಎಸ್-2 ಎಂಬ ಉಪಗ್ರಹ ಹಾರಿತು. ಇಂದಿನ ಜಿಪಿಎಸ್ ಬಳಗಕ್ಕೆ ದಾರಿ ಮಾಡಿಕೊಟ್ಟದ್ದು ಅದೇ. ಅದರೊಳಗೆ ಸೀಸಿಯಂ ಪರಮಾಣುಗಳ ಮಿಡಿತದಿಂದ ಸಮಯ ಅಳೆಯುವ ಪರಮಾಣು ಗಡಿಯಾರವಿತ್ತು. ಐನ್‌ಸ್ಟೈನ್ ಲೆಕ್ಕದ ಪ್ರಕಾರ, ಗುರುತ್ವ ಕಡಿಮೆಯಿರುವ ಎತ್ತರದಲ್ಲಿ ಗಡಿಯಾರ ಮುಂದೋಡುತ್ತದೆ; ವೇಗವಾಗಿ ಸುತ್ತುವುದರಿಂದ ಸ್ವಲ್ಪ ಹಿಂದೆ ಬೀಳುತ್ತದೆ. ಎರಡನ್ನೂ ಕೂಡಿ ಕಳೆದರೆ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ. ಕೆಲವು ಎಂಜಿನಿಯರುಗಳಿಗೆ ಇದರಲ್ಲಿ ನಂಬಿಕೆಯೇ ಇರಲಿಲ್ಲ! ಹಾಗಾಗಿ ಸರಿಪಡಿಸುವ ಉಪಕರಣವನ್ನು ಒಳಗಿಟ್ಟರು, ಆದರೆ ಚಾಲೂ ಮಾಡಲಿಲ್ಲ. ಬೇಕಾದರೆ ನೆಲದಿಂದಲೇ ಚಾಲೂ ಮಾಡೋಣ ಎಂದು ಸುಮಾರು 20 ದಿನ ಕಾದರು. ಗಡಿಯಾರ ಮುಂದೋಡಿತು. ಆ 38 ಮೈಕ್ರೊಸೆಕೆಂಡನ್ನೇ ಬೇರೆ ಲೆಕ್ಕದಲ್ಲಿ ಹೇಳಿದರೆ, ಗಡಿಯಾರ ಒಂದು ಲಕ್ಷ ಕೋಟಿಯಲ್ಲಿ 446.5 ಪಾಲು ಮುಂದೋಡಬೇಕು ಎಂದು ಸಿದ್ಧಾಂತ ಹೇಳಿತ್ತು. ಅಳೆದಾಗ ಸಿಕ್ಕಿದ್ದು 442.5. ಎಂಥ ಹೊಂದಿಕೆ ನೋಡಿ! ಉಪಕರಣ ಚಾಲೂ ಆಯಿತು. ಹಾಗೇ ಬಿಟ್ಟಿದ್ದರೆ ದಿನಕ್ಕೆ 11 ಕಿಲೋಮೀಟರಿನಷ್ಟು ದೂರದ ಲೆಕ್ಕ ತಪ್ಪುತ್ತಿತ್ತು. ಈಗ ಜಿಪಿಎಸ್ ಬಳಗ ಸೇರುವ ಪ್ರತಿ ಉಪಗ್ರಹದ ಗಡಿಯಾರವನ್ನೂ ನೆಲದಲ್ಲಿರುವಾಗಲೇ ಅಷ್ಟು ನಿಧಾನ ಮಾಡಿ ಕಳಿಸುತ್ತಾರೆ.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು, ನಮ್ಮ ನಾವಿಕ್ ಬಗ್ಗೆ ಎರಡೇ ಮಾತು. ಅದು ಭಾರತ ಮತ್ತು ಸುತ್ತಲ ಪ್ರದೇಶಕ್ಕಾಗಿ ಇರುವ ಉಪಗ್ರಹಗಳ ಬಳಗ. ಅದರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಅದರ ಮೊದಲ ಉಪಗ್ರಹದಲ್ಲಿ ಹೊರದೇಶದಿಂದ ತಂದ ಮೂರು ಗಡಿಯಾರಗಳಿದ್ದವು. ಮೂರೂ ಕೆಟ್ಟವು. ಉಪಗ್ರಹ ಮೇಲೆ ಸುತ್ತುತ್ತಲೇ ಇತ್ತು, ಸ್ಥಾನ ಹೇಳುವ ಕೆಲಸಕ್ಕೆ ಮಾತ್ರ ಬಾರದಾಯಿತು. ಗಡಿಯಾರ ನಿಂತರೆ ಉಪಗ್ರಹ ಇದ್ದೂ ಇಲ್ಲದಂತೆ ಎಂದು ನಾನು ಹೇಳುವುದು ಇದಕ್ಕೇ. 2023ರ ಮೇ 29ರಂದು ಶ್ರೀಹರಿಕೋಟದಿಂದ ಹೋದ ಎನ್‌ವಿಎಸ್-01 ಎಂಬ ನಾವಿಕ್ ಉಪಗ್ರಹದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಪರಮಾಣು ಗಡಿಯಾರವಿದೆ. ಆ ದಿನ ನನಗಾದ ಸಂತೋಷ ರಾಕೆಟ್ಟಿನದಲ್ಲ, ಆ ಗಡಿಯಾರದ್ದು. ನಮಸ್ಕಾರ.