ಮೇಲ್ ನಿಮ್ಮದು, ಸಹಿ ಯಾರದು?

ನಮಸ್ಕಾರ ಕೇಳುಗರೇ. ಸೀರೆ ಮಾರುವ ನೇಕಾರರ ಸಂಘ ಇರಬಹುದು, ಊರಿನ ಶಾಲೆ ಇರಬಹುದು, ದೂರದ ದೇಶದಲ್ಲಿರುವ ಒಂದು ಕನ್ನಡ ಕೂಟ ಇರಬಹುದು. ನೂರಾರು ಜನಕ್ಕೆ ಒಟ್ಟಿಗೆ ಮೇಲ್ ಹೋಗಬೇಕು ಅಂದರೆ ಇವರೆಲ್ಲ ಮೇಲ್‌ಚಿಂಪ್, ಸೆಂಡ್‌ಗ್ರಿಡ್, ಬ್ರೆವೋ, ಅಮೆಜಾನ್ ಎಸ್‌ಇಎಸ್ ಇಂಥ ಯಾವುದಾದರೂ ಸೇವೆಯನ್ನು ಹಿಡಿಯುತ್ತಾರೆ. ಮೇಲ್ ಹೊರಡುವುದು ಆ ಕಂಪನಿಯ ಯಂತ್ರದಿಂದ. ಮೇಲೆ ಕಾಣುವ ವಿಳಾಸ ಮಾತ್ರ ನಿಮ್ಮದು. ಆಮೇಲೆ ಫೋನ್ ಬರುತ್ತದೆ, ‘ನಿಮ್ಮ ಮೇಲ್ ಬಂದೇ ಇಲ್ಲ’ ಅಂತ. ಹುಡುಕಿದರೆ ಅದು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ.

ಜಿಮೇಲ್ ಕಡೆಯಿಂದ ಯೋಚಿಸಿ. ನಿಮ್ಮ ಹೆಸರು ಹೊತ್ತ ಒಂದು ಮೇಲ್ ಯಾವುದೋ ಬೇರೆ ಕಂಪನಿಯ ಯಂತ್ರದಿಂದ ಬಂದಿದೆ. ನೀವೇ ಕಳಿಸಲು ಹೇಳಿದ್ದೋ, ಅಥವಾ ಯಾರೋ ಕಳ್ಳ ನಿಮ್ಮ ಹೆಸರು ಬಳಸಿಕೊಂಡಿದ್ದೋ, ಅದಕ್ಕೆ ಹೇಗೆ ಗೊತ್ತಾಗಬೇಕು? ಮೇಲ್ ಸಾಗಿಸುವ ನಿಯಮ ಎಸ್‌ಎಮ್‌ಟಿಪಿ ಬರೆದದ್ದು 1982ರಲ್ಲಿ. ಕಳಿಸುವವರ ಹೆಸರು ನಿಜವೋ ಸುಳ್ಳೋ ಅಂತ ನೋಡುವ ಏರ್ಪಾಟು ಅದರಲ್ಲಿ ಇರಲೇ ಇಲ್ಲ. ಆಮೇಲೆ ಒಂದೊಂದಾಗಿ ಮೂರು ಏರ್ಪಾಟು ಬಂದವು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಮೂರೂ ಕೂರುವುದು ನಿಮ್ಮ ಡೊಮೈನ್‌ನ ಡಿಎನ್‌ಎಸ್ ದಾಖಲೆಯಲ್ಲಿ. ಡೊಮೈನ್ ಅಂದರೆ ಮೇಲ್ ವಿಳಾಸದಲ್ಲಿ @ ಗುರುತಿನ ಆಮೇಲೆ ಬರುವ ಹೆಸರು. ಡಿಎನ್‌ಎಸ್ ಅಂದರೆ ಆ ಹೆಸರಿನ ವಿವರಗಳನ್ನು ಯಾರು ಬೇಕಾದರೂ ನೋಡಬಹುದಾದ ಇಂಟರ್ನೆಟ್‌ನ ದಾಖಲೆ ಪುಸ್ತಕ.

ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು, ನಮಗ್ಯಾಕೆ ಅಂತ ಅನ್ನಿಸಬಹುದು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನು ಕಡ್ಡಾಯ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000 ಅಥವಾ ಅದಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಮೂರೂ ಬೇಕು. ಸಣ್ಣವರಿಗೂ ಬಿಡುವಿಲ್ಲ, ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಲೇಬೇಕು. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ಇಂಥದೇ ನಿಯಮ ತಂದಿತು.

ಈಗ ಎಸ್‌ಪಿಎಫ್. ‘ನನ್ನ ಹೆಸರಲ್ಲಿ ಮೇಲ್ ಕಳಿಸಲು ಈ ಯಂತ್ರಗಳಿಗೆ ಒಪ್ಪಿಗೆ ಇದೆ’ ಅಂತ ಸಾರುವ ಒಂದು ಸಾಲು ಇದು. ಹೊಸ ಸೇವೆ ತೆಗೆದುಕೊಂಡಾಗ ಜನ ಹಳೆಯ ಸಾಲಿನ ಕೆಳಗೆ ಇನ್ನೊಂದು ಎಸ್‌ಪಿಎಫ್ ಸಾಲು ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ಎರಡೂ ಕೆಡುತ್ತವೆ. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ಸಾಲು, ಹೊಸ ಸೇವೆಯ ಹೆಸರು ಅದೇ ಸಾಲಿನೊಳಗೆ ಸೇರಬೇಕು. ಅದನ್ನು ಓದುವಾಗ ಆಗುವ ಡಿಎನ್‌ಎಸ್ ಹುಡುಕಾಟ 10 ದಾಟಬಾರದು ಅನ್ನುವ ಮಿತಿಯೂ ಇದೆ. ನಾಲ್ಕೈದು ಸೇವೆಗಳನ್ನು ಸುಮ್ನೆ ಸೇರಿಸುತ್ತಾ ಹೋದರೆ ಆ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಒಂದು ಹೆಸರಿನೊಳಗೆ ಇನ್ನೂ ಮೂರು ಹೆಸರು ಅಡಗಿರುತ್ತವೆ.

ಆದರೆ ಇವತ್ತು ನಾನು ಒತ್ತಿ ಹೇಳಬೇಕಾದ ಮಾತು ಬೇರೆ ಇದೆ. ಎಸ್‌ಪಿಎಫ್ ಪಾಸ್ ಅಂತ ಬಂತು ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಂಚೆ ಕವರಿನ ಮೇಲೆ ‘ಇಂದ’ ಅಂತ ಒಂದು ವಿಳಾಸ ಇರುತ್ತದೆ, ಒಳಗಿನ ಕಾಗದದಲ್ಲಿ ಇನ್ನೊಂದು ಹೆಸರು ಇರಬಹುದು, ಅಲ್ವಾ? ಮೇಲ್‌ನಲ್ಲೂ ಹೀಗೆ ಎರಡು ವಿಳಾಸ. ಎಸ್‌ಪಿಎಫ್ ನೋಡುವುದು ಹೊರಗಿನ ವಿಳಾಸವನ್ನು. ಓದುವವರ ಕಣ್ಣಿಗೆ ಬೀಳುವುದು ಒಳಗಿನ ಹೆಸರು. ತಲುಪದೆ ವಾಪಸ್ ಬಂದ ಮೇಲ್‌ಗಳನ್ನು ತಾವೇ ಹಿಡಿದುಕೊಳ್ಳಬೇಕು ಅಂತ ಈ ಸೇವೆಗಳು ಸಾಮಾನ್ಯವಾಗಿ ಹೊರಗಿನ ವಿಳಾಸವಾಗಿ ತಮ್ಮದೇ ಹೆಸರನ್ನು ಹಾಕುತ್ತವೆ. ಅಮೆಜಾನ್ ಎಸ್‌ಇಎಸ್ ತಗೊಳ್ಳಿ, ನೀವು ಬದಲಾಯಿಸದಿದ್ದರೆ ಅಲ್ಲಿ ಅಮೆಜಾನ್‌ನ ಡೊಮೈನ್ ಇರುತ್ತದೆ. ಆಗ ಎಸ್‌ಪಿಎಫ್ ಪಾಸ್ ಆಗುತ್ತದೆ, ನಿಜ, ಆದರೆ ಅದು ಅಮೆಜಾನ್ ಹೆಸರಲ್ಲಿ. ನಿಮ್ಮ ಹೆಸರಿಗೆ ಅದರಿಂದ ಏನೂ ಸಿಗಲಿಲ್ಲ.

ಆದ್ದರಿಂದ ಮೂರನೆಯವರ ಮೂಲಕ ಕಳಿಸುವಾಗ ನಿಮ್ಮನ್ನು ಕಾಯುವುದು ಡಿಕಿಮ್. ಪ್ರತಿ ಮೇಲ್‌ಗೂ ಒಂದು ಡಿಜಿಟಲ್ ಸಹಿ ಬೀಳುತ್ತದೆ. ಸಹಿ ಹಾಕುವ ಗುಟ್ಟಿನ ಕೀ ಸೇವೆಯ ಬಳಿ, ಅದನ್ನು ಪರೀಕ್ಷಿಸುವ ಕೀ ನಿಮ್ಮ ಡಿಎನ್‌ಎಸ್‌ನಲ್ಲಿ. ಸೇವೆಯ ಸೆಟ್ಟಿಂಗ್ಸ್‌ನಲ್ಲಿ ‘ಡೊಮೈನ್ ಅಥೆಂಟಿಕೇಶನ್’ ಅನ್ನುವ ಜಾಗ ಹುಡುಕಿ, ಸಾಮಾನ್ಯವಾಗಿ ಎರಡೋ ಮೂರೋ ಸಿನೇಮ್ ದಾಖಲೆಗಳನ್ನು, ಅಂದರೆ ಒಂದು ಹೆಸರು ಹುಡುಕಿದವರನ್ನು ಇನ್ನೊಂದು ಹೆಸರಿಗೆ ಕಳಿಸುವ ಸಾಲುಗಳನ್ನು, ಕೊಡುತ್ತಾರೆ. ಅವನ್ನು ನಿಮ್ಮ ಡಿಎನ್‌ಎಸ್‌ನಲ್ಲಿ ಹಾಕಬೇಕು. ಕೀಯನ್ನೇ ಕೊಡದೆ ಸಿನೇಮ್ ಕೊಡುವುದರಲ್ಲಿ ಒಂದು ಅನುಕೂಲ ಇದೆ. ನಾಳೆ ಅವರು ಕೀ ಬದಲಾಯಿಸಿದರೆ ನೀವು ಏನನ್ನೂ ಮುಟ್ಟಬೇಕಾಗಿಲ್ಲ. ಇವನ್ನು ಹಾಕದಿದ್ದರೆ ಸಾಮಾನ್ಯವಾಗಿ ಸೇವೆ ತನ್ನದೇ ಹೆಸರಲ್ಲಿ ಸಹಿ ಹಾಕುತ್ತದೆ, ಮತ್ತೆ ಅದೇ ಕತೆ.

ಹಾಕುವಾಗ ಎರಡು ಕಡೆ ಎಚ್ಚರ ಬೇಕು. ಹಲವು ಡಿಎನ್‌ಎಸ್ ಪುಟಗಳು ನಿಮ್ಮ ಡೊಮೈನ್ ಹೆಸರನ್ನು ತಾವೇ ಕೊನೆಗೆ ಸೇರಿಸುತ್ತವೆ. ನೀವೂ ಪೂರ್ತಿ ಹೆಸರು ಅಂಟಿಸಿದರೆ ಡೊಮೈನ್ ಎರಡು ಸಲ ಬಂದು ದಾಖಲೆ ಯಾರಿಗೂ ಸಿಗುವುದಿಲ್ಲ. ಡಿಎನ್‌ಎಸ್‌ಗೆ ಕ್ಲೌಡ್‌ಫ್ಲೇರ್ ಅನ್ನುವ ಸೇವೆ ಬಳಸುವವರು ಈ ಸಿನೇಮ್‌ಗಳ ಪಕ್ಕದ ಕಿತ್ತಳೆ ಮೋಡ, ಅಂದರೆ ಪ್ರಾಕ್ಸಿ, ಆಫ್ ಮಾಡಿ.

ಇಷ್ಟಕ್ಕೂ ಡಿಎನ್‌ಎಸ್ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಎಷ್ಟೋ ಸಂಘಗಳಲ್ಲಿ ಅದು ಯಾವತ್ತೋ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ ಇರುತ್ತದೆ, ಅವನು ಈಗ ಯಾವ ಊರಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ದಯವಿಟ್ಟು ಅದನ್ನು ಮೊದಲು ನಿಮ್ಮ ಕೈಗೆ ತಗೊಳ್ಳಿ. ನಿಮ್ಮ ಹೆಸರಿನ ಬೀಗದ ಕೈ ಅದು.

ಕೊನೆಯದು ಡಿಮಾರ್ಕ್. ಇದು ಕೇಳುವುದು ಒಂದೇ ಪ್ರಶ್ನೆ: ಪಾಸಾದ ಹೆಸರೂ ಓದುವವರಿಗೆ ಕಾಣುವ ಹೆಸರೂ ಒಂದೇನಾ? ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದು ಹೊಂದಿದರೂ ಸಾಕು. ಹೊಂದದಿದ್ದರೆ ಏನು ಮಾಡಬೇಕು ಅಂತಲೂ ನೀವೇ ಹೇಳಬಹುದು: ನನ್ (none), ಅಂದರೆ ಏನೂ ಮಾಡಬೇಡಿ. ಕ್ವಾರಂಟೈನ್, ಅಂದರೆ ಸ್ಪ್ಯಾಮ್‌ಗೆ ಹಾಕಿ. ರಿಜೆಕ್ಟ್, ಅಂದರೆ ಒಳಗೇ ಬಿಡಬೇಡಿ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡೊಮೈನ್‌ಗೆ ರಿಜೆಕ್ಟ್ ಹಾಕಿದಾಗ, ಯಾಹೂ ವಿಳಾಸ ಇಟ್ಟುಕೊಂಡು ಬೇರೆ ಸೇವೆಗಳ ಮೂಲಕ ಪತ್ರ ಕಳಿಸುತ್ತಿದ್ದ ಸಣ್ಣ ವ್ಯಾಪಾರಿಗಳ ಮೇಲ್‌ಗಳು ತಿರಸ್ಕಾರವಾದವು. ಹಾಗಾಗಿ ಜಿಮೇಲ್, ಯಾಹೂ ವಿಳಾಸ ಹಾಕಿ ಇಂಥ ಸೇವೆಯಿಂದ ಕಳಿಸಲೇಬೇಡಿ. ಆ ಡೊಮೈನ್ ನಿಮ್ಮದಲ್ಲ, ಅದರ ಹೆಸರಲ್ಲಿ ನಿಮಗೆ ಸಹಿ ಸಿಗುವುದಿಲ್ಲ. ಸ್ವಂತ ಡೊಮೈನ್ ಕೊಳ್ಳಿ.

ಎಲ್ಲ ಹಾಕಿದ ಮೇಲೆ ಆ ಸೇವೆಯಿಂದಲೇ ನಿಮ್ಮ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ನೋಡಿ. ಡಿಕಿಮ್ ಸಾಲಿನಲ್ಲಿ ಪಾಸ್ ಅನ್ನುವ ಪದದ ಪಕ್ಕದಲ್ಲಿ ಯಾರ ಡೊಮೈನ್ ಇದೆ ಅಂತ ಓದಿ. ಅಲ್ಲಿ ನಿಮ್ಮ ಹೆಸರು ಇರಬೇಕು.

ಡಿಮಾರ್ಕ್ ಅನ್ನು ನನ್‌ನಿಂದಲೇ ಶುರು ಮಾಡಿ, ವರದಿ ಬರಲು ಒಂದು ವಿಳಾಸ ಕೊಡಿ. ವರದಿ ಬರುವುದು ಎಕ್ಸ್‌ಎಮ್‌ಎಲ್ ರೂಪದಲ್ಲಿ, ಓದಲು ಕಷ್ಟ, ಆದರೆ ಅದನ್ನು ಬಿಡಿಸಿ ತೋರಿಸುವ ಉಚಿತ ತಾಣಗಳಿವೆ. ನೀವು ಮರೆತೇ ಹೋಗಿದ್ದ ಶುಲ್ಕದ ರಸೀದಿ ಕಳಿಸುವ ಸಾಫ್ಟ್‌ವೇರ್, ದೇಣಿಗೆಯ ಫಾರ್ಮ್, ಎಲ್ಲ ಅಲ್ಲಿ ಹೊರಬರುತ್ತವೆ. ಒಂದೊಂದಕ್ಕೂ ಸಹಿ ಮಾಡಿಸಿ. ಕೆಲವು ವಾರ ವರದಿ ಸರಿ ಬಂದ ಮೇಲೆ ಕ್ವಾರಂಟೈನ್, ಆಮೇಲೆ ರಿಜೆಕ್ಟ್. ನನ್‌ನಲ್ಲೇ ವರ್ಷಗಟ್ಟಲೆ ಬಿಟ್ಟರೆ ನಿಮ್ಮ ಶಾಲೆಯ ಹೆಸರಲ್ಲಿ ‘ಫೀಸು ಈ ಖಾತೆಗೆ ಹಾಕಿ’ ಅಂತ ಪೋಷಕರಿಗೆ ಬರುವ ಕಳ್ಳ ಮೇಲ್ ಅನ್ನು ತಡೆಯಲು ನೀವು ಯಾರಿಗೂ ಹೇಳಿದ ಹಾಗೆ ಆಗುವುದಿಲ್ಲ. ನಮಸ್ಕಾರ.