ಯೂದನ ಹೊಲ ಕೊಂಡವರು ಯಾರು?

ನಮಸ್ಕಾರ. ಇವತ್ತು ಯೂದನಿಂದ ಶುರು ಮಾಡೋಣ. 30 ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟವನು.

ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದು ಮತ್ತಾಯನದು. ಅದರ 27ನೇ ಅಧ್ಯಾಯ. ಯೂದ ಆ ಹಣವನ್ನು ದೇವಾಲಯದಲ್ಲಿ ಎಸೆದು ಹೋಗಿ ನೇಣು ಹಾಕಿಕೊಳ್ಳುತ್ತಾನೆ. ಅದೇ ಹಣದಲ್ಲಿ ಯಾಜಕರು ಕುಂಬಾರನ ಹೊಲ ಕೊಳ್ಳುತ್ತಾರೆ. ಈಗ ಬೈಬಲಿನ ಇನ್ನೊಂದು ಪುಸ್ತಕ, ಅಪೊಸ್ತಲರ ಕೃತ್ಯಗಳು, ಮೊದಲನೇ ಅಧ್ಯಾಯ. ಇಲ್ಲಿ ಹೊಲ ಕೊಂಡವನು ಯೂದನೇ. ತಲೆಕೆಳಗಾಗಿ ಬಿದ್ದು, ಹೊಟ್ಟೆ ಒಡೆದು ಸಾಯುತ್ತಾನೆ. ನೇಣಿನ ಮಾತೇ ಇಲ್ಲ.

ಚಿಕ್ಕವನಿದ್ದಾಗ ಸಂಡೇ ಸ್ಕೂಲಿನಲ್ಲಿ ಇದನ್ನು ಕೇಳಿದ್ದೆ. ನೇಣು ಹಾಕಿಕೊಂಡಾಗ ಹಗ್ಗ ಹರಿದು ಕೆಳಗೆ ಬಿದ್ದ ಅಂದರು. ಹಾಗಾದರೆ ಹೊಲ ಕೊಂಡವರು ಯಾರು ಅಂದೆ. ಸುಮ್ನೆ ಕೂತ್ಕೋ ಅಂದರು. ಹಗ್ಗ ಹರಿಯಿತು ಅಂತ ಎರಡು ಕಡೆಯೂ ಬರೆದಿಲ್ಲ. ಅದು ನಾವು ಸೇರಿಸಿದ್ದು. ಬೈಬಲ್ ಕಾಪಾಡೋಕೆ ಹೋಗಿ ಬೈಬಲಿನಲ್ಲಿ ಇಲ್ಲದ್ದನ್ನು ಹೇಳಿದ ಹಾಗಾಯಿತು, ಅಲ್ವಾ?

ಇನ್ನೊಂದು ಇದೆ. ಯೇಸುವಿನ ಸಮಾಧಿ ನೋಡಿದ ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ ಅನ್ನುತ್ತಾನೆ ಮಾರ್ಕ. 4ನೇ ಶತಮಾನದ ಎರಡು ಹಳೆಯ ಪ್ರತಿಗಳಲ್ಲಿ ಅವನ ಸುವಾರ್ತೆ ಅಲ್ಲಿಗೇ ನಿಲ್ಲುತ್ತದೆ. ಮತ್ತಾಯನಲ್ಲಿ ಅವರು ಶಿಷ್ಯರಿಗೆ ಸುದ್ದಿ ಹೇಳಲು ಸಂತೋಷದಿಂದ ಓಡುತ್ತಾರೆ.

ಇದೆಲ್ಲ ಈಗ ಯಾರೋ ಹೊಸದಾಗಿ ಹುಡುಕಿದ್ದಲ್ಲ. ಸುಮಾರು 170ರಲ್ಲೇ ಟಾಟಿಯನ್ ಎಂಬಾತ ನಾಲ್ಕೂ ಸುವಾರ್ತೆಗಳನ್ನು ಹೆಣೆದು ಒಂದೇ ಕಥೆ ಮಾಡಿದ. ಡಯಾಟೆಸರಾನ್ ಅಂತ ಅದರ ಹೆಸರು. ಸಿರಿಯಾದ ಕ್ರೈಸ್ತ ಸಭೆಗಳು ಅದನ್ನೇ ಬಹಳ ಕಾಲ ಓದಿದವು. 5ನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ತನ್ನ ಸಭೆಗಳಿಂದ ಅದರ 200ಕ್ಕೂ ಜಾಸ್ತಿ ಪ್ರತಿಗಳನ್ನು ತೆಗೆಸಿ, ನಾಲ್ಕು ಸುವಾರ್ತೆಗಳನ್ನೇ ಕೊಟ್ಟ. ಟಾಟಿಯನ್ ಯೇಸುವಿನ ವಂಶಾವಳಿ ಬಿಟ್ಟುಬಿಟ್ಟಿದ್ದಾನೆ ಅನ್ನೋದು ಅವನ ದೂರು. ಆ ವಂಶಾವಳಿಗಳೇ ಒಂದಕ್ಕೊಂದು ಹೊಂದುವುದಿಲ್ಲ! ಯೋಸೇಫನ ತಂದೆ ಮತ್ತಾಯನಲ್ಲಿ ಯಾಕೋಬ, ಲೂಕನಲ್ಲಿ ಹೇಲಿ. ಹೊಂದಿಸಿಟ್ಟ ಪುಸ್ತಕ ಕೈಯಲ್ಲಿದ್ದರೂ ಸಭೆ ಹೊಂದದ ನಾಲ್ಕನ್ನೇ ಇಟ್ಟುಕೊಂಡಿತು. ಇದು ನನಗೆ ತುಂಬಾ ದೊಡ್ಡ ವಿಷಯ.

ಬೈಬಲಿನ ಮೂಲ ಬರಹದಲ್ಲಿ ಒಂದು ತಪ್ಪೂ ಇಲ್ಲ ಅಂತ 1978ರಲ್ಲಿ ಶಿಕಾಗೋದಲ್ಲಿ ಇವ್ಯಾಂಜೆಲಿಕಲ್ (ಬೈಬಲಿನ ಮಾತೇ ಕೊನೆ ಅನ್ನುವ ಪ್ರೊಟೆಸ್ಟೆಂಟ್) ನಾಯಕರು ಹೇಳಿಕೆ ಹೊರಡಿಸಿದರು. ಆ ಹೇಳಿಕೆ ಬೀಳೋಕೆ ಯೂದನ ಹೊಲ ಒಂದೇ ಸಾಕು. ನಾನು ಕ್ರೈಸ್ತನಾಗಿಯೇ ಇದನ್ನು ಹೇಳುತ್ತಿದ್ದೇನೆ. ಆದರೆ ಇದರಿಂದ ನನ್ನ ನಂಬಿಕೆ ಬೀಳುವುದಿಲ್ಲ. ಮೊದಲ ಕಾಲದ ಪ್ರಚಾರಕ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಪತ್ರ ಬರೆದಾಗ, 50ರ ದಶಕದಲ್ಲಿ, ಹೆಚ್ಚಿನ ವಿದ್ವಾಂಸರು ಹೇಳುವಂತೆ ಒಂದು ಸುವಾರ್ತೆಯೂ ಇನ್ನೂ ಬರೆದಿರಲಿಲ್ಲ. ಯೇಸು ಸತ್ತು ಎದ್ದನೆಂದು ಆ ಜನ ಆಗಲೇ ನಂಬಿದ್ದರು.

ಸಣ್ಣ ವಿಷಯದಲ್ಲೇ ಹೊಂದದವರನ್ನು ಪುನರುತ್ಥಾನದಂಥ ದೊಡ್ಡ ವಿಷಯದಲ್ಲಿ ಹೇಗೆ ನಂಬೋದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಅಂತ ಪೌಲನೇ ಬರೆದಿದ್ದಾನೆ. ವಾದ ಮಾಡುವುದಾದರೆ ಅಲ್ಲಿ ಮಾಡೋಣ, ನಾನು ತಯಾರಿದ್ದೇನೆ. ಹಗ್ಗದ ಕಥೆಯನ್ನು ಮಾತ್ರ ನಾನು ಯಾವ ಮಗುವಿಗೂ ಹೇಳುವುದಿಲ್ಲ.