ಶನಿವಾರ ರಾತ್ರಿಯ ಮಾತ್ರೆ

ನಮಸ್ಕಾರ ಕೇಳುಗರೇ.

ನಮ್ಮ ಕಾಸರಗೋಡಿನ ಕಡೆ ದಾರಿಯಲ್ಲಿ ಸಿಕ್ಕವರು ಮೊದಲು ಕೇಳುವುದು, "ಗಟ್ಟಿ ಇದ್ದೀರಲ್ವಾ?" ನಾನೂ "ಗಟ್ಟಿ ಇದ್ದೇನೆ" ಅನ್ನುತ್ತೇನೆ. ಹತ್ತು ಗಂಟೆಯ ನಂತರ ಅದು ಹೆಚ್ಚುಕಮ್ಮಿ ನಿಜ. ಬೆಳಗ್ಗೆ ಐದೂವರೆಗೆ ಯಾರೂ ಕೇಳುವುದಿಲ್ಲವಲ್ಲ.

ಐದೂವರೆಗೆ ನನ್ನ ಬೆರಳುಗಳು ಮಡಚುವುದಿಲ್ಲ. ಹಲ್ಲುಜ್ಜುವ ಬ್ರಶ್ಶನ್ನು ಸಣ್ಣ ಮಕ್ಕಳ ಹಾಗೆ ಅಂಗೈಯಲ್ಲಿ ಒತ್ತಿ ಹಿಡಿಯುತ್ತೇನೆ. ಬಚ್ಚಲಿನ ಬಿಸಿನೀರಲ್ಲಿ ಕೈ ಅದ್ದಿ ಕೂತರೆ ಒಂದು ಗಂಟೆಯಲ್ಲಿ ಒಂದೊಂದೇ ಬೆರಳು ಸಡಿಲ ಆಗುತ್ತದೆ. ಹೆರೆಮಣೆ ಬಿಟ್ಟು ಆರು ವರ್ಷವಾಯಿತು. ಕಾಯಿ ತುರಿಯುವುದು ಈಗ ಇವರ ಕೆಲಸ. ತುರಿಯಲ್ಲಿ ಕರಟದ ಚೂರೂ ಬರುತ್ತದೆ. ಹಾಗಂತ ಹೇಳುವ ಹಾಗಿಲ್ಲ.

ಡಾಕ್ಟರು ಇದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುತ್ತಾರೆ. ಊರವರಿಗೆ ಇದು ಬರೇ ವಾತ. ಪ್ರಾಯವಾದ ಮೇಲೆ ಸವೆದು ಬರುವ ಗಂಟುನೋವಲ್ಲ ಇದು. ರೋಗಾಣುಗಳ ಮೇಲೆ ಹೋಗಬೇಕಾದ ಮೈಯ ಕಾವಲು ಸಂದಿನ ಒಳಪೊರೆಯ ಮೇಲೆಯೇ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ನನಗೆ 34ಕ್ಕೇ ಬಂತು. "ಇಷ್ಟು ಸಣ್ಣ ಪ್ರಾಯಕ್ಕೆ ವಾತವಾ?" ಅಂದವರೇ ಮುರಿವೆಣ್ಣ ಹಚ್ಚಲು ಹೇಳಿದರು. ಹಚ್ಚಿದೆ. ಸೀರೆಗೆಲ್ಲ ಎಣ್ಣೆ ಕಲೆ ಆಯಿತು, ಅಷ್ಟೇ.

ಡಾಕ್ಟರು ಇರುವುದು ಮಂಗಳೂರಿನಲ್ಲಿ, ಸುಮಾರು 50 ಕಿಲೋಮೀಟರ್. 2020ರಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಈ 50 ಕಿಲೋಮೀಟರ್ ಎಷ್ಟು ದೂರ ಅಂತ ನಮ್ಮ ಜಿಲ್ಲೆಯ ರೋಗಿಗಳಿಗೆ ಗೊತ್ತಾಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಕೊರೊನಾಕ್ಕೆ ಆಗುತ್ತದೆ ಅಂತ ಸುದ್ದಿ ಹಬ್ಬಿದ್ದೂ ಆಗಲೇ. ನಮ್ಮಂಥವರು ವರ್ಷಗಟ್ಟಲೆ ನುಂಗುವ ಮಾತ್ರೆ ಅದು. ಅಂಗಡಿಯಲ್ಲಿ ಕೇಳಿದರೆ ನನ್ನನ್ನೇ ಸಂಶಯದಿಂದ ನೋಡಿದರು.

ಆದರೆ ನಮ್ಮ ಮನೆಯನ್ನು ಆಳುವುದು ಇನ್ನೊಂದು ಮಾತ್ರೆ, ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೆ ಡಬ್ಬಿಯ ಮೇಲೆ ದೊಡ್ಡದಾಗಿ 'ಶನಿವಾರ' ಅಂತ ಬರೆದಿಟ್ಟಿದ್ದೆ. ನುಂಗಿದ ಮರುದಿನ ಹೊಟ್ಟೆ ತೊಳಸುತ್ತದೆ, ತಲೆ ಎತ್ತಲಿಕ್ಕಾಗುವುದಿಲ್ಲ. ಭಾನುವಾರ ರಜೆಯಲ್ವಾ, ಮಲಗಿದರಾಯಿತು ಅಂತ ನನ್ನ ಲೆಕ್ಕ. ನಾನು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ನೋಟು ಎಣಿಸಲು ಯಂತ್ರ ಬಂದಿದೆ, ಪುಣ್ಯ. ಸೀಲನ್ನು ಅಂಗೈಯ ಬುಡದಿಂದ ಒತ್ತುತ್ತೇನೆ. ಸೋಮವಾರ ಕೌಂಟರಿನಲ್ಲಿ ನಗುತ್ತಾ ಕೂತರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಮದುವೆ, ಉಪನಯನ, ಮಗಳ ಜೊತೆ ಬೇಕಲದ ಕಡಲ ತೀರ, ಎಲ್ಲ ಬರುವುದು ಭಾನುವಾರವೇ. ನೆಂಟರು "ಕೆಲಸದವಳಿಗೆ ಪುರುಸೊತ್ತಿಲ್ಲ" ಅಂದರು. ಅದು ಹೋಗಲಿ. ಹತ್ತನೇ ಕ್ಲಾಸಿನ ಮಗಳು ಒಂದು ದಿನ ಸುಮ್ನೆ ಹೇಳಿದಳು, "ಅಮ್ಮ, ನೀನು ಗಟ್ಟಿ ಇರುವುದು ಆಫೀಸಿಗೆ ಮಾತ್ರ."

ಮಾತ್ರೆಯ ದಿನ ಬದಲಾಯಿಸಬಹುದಾ ಅಂತ ಮುಂದಿನ ಸಲ ಡಾಕ್ಟರ ಹತ್ತಿರ ಕೇಳಿದೆ. ವಾರದ ಯಾವ ದಿನವಾದರೂ ಆದೀತು, ಆಮೇಲೆ ಆ ದಿನವನ್ನು ತಪ್ಪಿಸಬಾರದು ಅಂದರು. ಹೇಗೆ ಬದಲಾಯಿಸಬೇಕು ಅಂತಲೂ ಬರೆದುಕೊಟ್ಟರು. ಈಗ ಬುಧವಾರ ರಾತ್ರಿ. ಅದಕ್ಕೆ ಸಂಘದ ಕಾರ್ಯದರ್ಶಿಗಳಿಗೆ ಹೇಳಲೇಬೇಕಾಯಿತು. ಗುರುವಾರ ಕೌಂಟರ್ ಬೇಡ, ಒಳಗಿನ ಲೆಕ್ಕ ಕೊಡಿ ಅಂದೆ. ಏಳು ವರ್ಷ ಎದುರು ಮೇಜಿನಲ್ಲಿ ಕೂತವರು ನನ್ನ ಕೈಯನ್ನೇ ನೋಡಿದರು.

"ಏನೂ ಕಾಣುವುದಿಲ್ಲವಲ್ಲ ಅಕ್ಕ."

"ಕಾಣುವುದಿಲ್ಲ" ಅಂದೆ.

ಗುರುವಾರ ಒಳಗಿನ ಲೆಕ್ಕ ಸಿಕ್ಕಿತು. ಗೊಣಗಾಟವೂ ಸ್ವಲ್ಪ ಸಿಕ್ಕಿತು.

ಕಳೆದ ಭಾನುವಾರ ಕುಂಬಳೆಯಲ್ಲಿ ಒಂದು ಮದುವೆ. ರವಿಕೆಯ ಹುಕ್ಕು ಹಾಕಲು ನನ್ನ ಬೆರಳಿಗೆ ಆಗಲಿಲ್ಲ. ಮಗಳು ಹಾಕಿದಳು. ಕೊನೆಯ ಹುಕ್ಕಿಗೆ "ಅಮ್ಮ, ಉಸಿರು ಹಿಡಿ" ಅಂದಳು.

ನಮಸ್ಕಾರ.